ನಮ್ಮ ಜಿಲ್ಲೆಯ ಇತಿಹಾಸ ಇಂಟರ್‌ನೆಟ್‌ನಲ್ಲಿ ಇಲ್ಲವೇ? ಇದೆ, ಬೇರೆ ಹೆಸರಿನಲ್ಲಿ

ಪ್ರಶ್ನೆ: ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇತಿಹಾಸ ಪಾಠಕ್ಕೆ ಆನ್‌ಲೈನ್‌ನಲ್ಲಿ ಏನೇನು ಸಿಗುತ್ತದೆ? ಹಂಪಿ, ಮೈಸೂರಿನ ಬಗ್ಗೆ ಬೇಕಾದಷ್ಟಿದೆ. ಉತ್ತರ ಕನ್ನಡ ಎಂದು ಹುಡುಕಿದರೆ ಮಾತ್ರ ಜಲಪಾತ, ಬೀಚು, ಹೋಂಸ್ಟೇ ಬಿಟ್ಟು ಏನೂ ಬರುವುದಿಲ್ಲ.

ಉತ್ತರ: ಜೂನ್ ಬಂತು, ಶಾಲೆ ಶುರುವಾಯಿತು, ಈ ಪ್ರಶ್ನೆಯೂ ಬಂತು. ಕಳೆದ ಜೂನ್‌ನಲ್ಲೂ ಬಂದಿತ್ತು. ಇರಲಿ.

ಮೊದಲ ಅರ್ಧಕ್ಕೆ ಉತ್ತರ ಸಣ್ಣದು. ಪಠ್ಯಪುಸ್ತಕಗಳ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿದೆ. ಪಾಠದ ತಲೆಯ ಮೇಲಿನ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ವಿಡಿಯೊ, ಪ್ರಶ್ನೆಗಳು ಬರುತ್ತವೆ. ವೈಫೈ ಇರುವಲ್ಲಿ ಇಳಿಸಿಕೊಂಡರೆ ಜೋಯಿಡಾದ ಸಿಗ್ನಲ್ ಇಲ್ಲದ ಮೂಲೆಯಲ್ಲೂ ನಡೆಯುತ್ತದೆ. ಇಳಿಸಿದ್ದು ಆ್ಯಪ್‌ನೊಳಗೇ ಇರುತ್ತದೆ, ಗ್ಯಾಲರಿಯಲ್ಲಿ ಹುಡುಕಿ ಗಾಬರಿಯಾಗಬೇಡಿ. ಕೋಡು ಈ ವರ್ಷದ ಪುಸ್ತಕದ್ದೇ ಇರಲಿ. ಶಿಕ್ಷಕರೇ ಸೇರಿ ಬರೆದ ಸಾಮಗ್ರಿ ಬೇಕಿದ್ದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ಇದೆ, ಸಮಾಜ ವಿಜ್ಞಾನಕ್ಕೆ ಪ್ರತ್ಯೇಕ ವಿಭಾಗವೂ ಇದೆ. ಪಾರಿಭಾಷಿಕ ಪದಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ. ಇಷ್ಟು ಸಾಕು.

ಇನ್ನು ಪ್ರಶ್ನೆಯ ಎರಡನೇ ಅರ್ಧ, ‘ನಮ್ಮ ಜಿಲ್ಲೆಯ ಬಗ್ಗೆ ಏನೂ ಇಲ್ಲ’ ಎನ್ನುವುದು. ಮಾಸ್ತರ್ರೇ, ಅಕ್ಕೋರೇ, ಈ ಮಾತನ್ನು ದಯವಿಟ್ಟು ಬಿಡಿ. ಕರಾವಳಿಯ ಎಷ್ಟೋ ಜಿಲ್ಲೆಗಳಿಗಿಂತ ನಮ್ಮದರ ಬಗ್ಗೆ ಹೆಚ್ಚು ಬರೆದಿದ್ದಾರೆ. ಮೆಣಸು ಇದ್ದಲ್ಲಿಗೆ ಹಡಗು ಬಂತು, ಹಡಗು ಬಂದಲ್ಲಿಗೆ ಬರೆಯುವವನೂ ಬಂದ. ಸಿಗದಿರುವುದಕ್ಕೆ ಕಾರಣ ಎರಡೇ: ನೀವು ಹುಡುಕುವ ಹೆಸರು ಆಗ ಇರಲಿಲ್ಲ, ನೀವು ತೆರೆಯುವ ಪುಸ್ತಕ ನಮ್ಮ ಜಿಲ್ಲೆಯದ್ದಲ್ಲ.

ಹೆಸರಿನ ವಿಷಯ ಮೊದಲು. ಹಳೆಯ ದಾಖಲೆಗಳಲ್ಲಿ ‘ಉತ್ತರ ಕನ್ನಡ’ ಇಲ್ಲ. ಇರುವುದು ಕೆನರಾ, ಮೊದಲಕ್ಷರ ಕೆ ಅಥವಾ ಸಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಡೀ ಕೆನರಾ ಮದ್ರಾಸಿಗೆ ಸೇರಿತು, ಮೊದಲ ಕಲೆಕ್ಟರ್ ಥಾಮಸ್ ಮನ್ರೋ. 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು. 1956ರವರೆಗೆ ನಾವು ಅಲ್ಲೇ. ಆದ್ದರಿಂದ 1862ಕ್ಕಿಂತ ಹಿಂದಿನದಕ್ಕೆ ಮದ್ರಾಸಿನ ದಾಖಲೆ, ಆಮೇಲಿನದಕ್ಕೆ ಮುಂಬಯಿಯದು. ಬೆಂಗಳೂರು, ಮೈಸೂರಿನ ಕಡತಗಳಲ್ಲಿ ಅಂಕೋಲೆಯನ್ನು ಹುಡುಕುವುದೆಂದರೆ ಕುಮಟೆಯ ಸಂತೆಯಲ್ಲಿ ಶಿರಸಿಯ ಬಸ್ ಟಿಕೆಟ್ ಕೇಳಿದ ಹಾಗೆ.

ಊರಿನ ಹೆಸರುಗಳದ್ದು ಇನ್ನೂ ಮಜಾ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವಾಗ ಕಾರವಾರಕ್ಕೆ ಕೆ ಮಾತ್ರವಲ್ಲ, ಸಿ ಹಾಕಿಯೂ ನೋಡಿ. ಹೊನ್ನಾವರ ಪೋರ್ಚುಗೀಸರ ಬಾಯಲ್ಲಿ ಓನೋರ್, ಅಂದರೆ ಒ-ಎನ್-ಒ-ಆರ್. ಕೊನೆಗೊಂದು ಇ ಇರಲೂಬಹುದು. ಭಟ್ಕಳ ಬಟಿಕಲಾ. ಸೋದೆ ಇಂಗ್ಲಿಷರಿಗೆ ಸೂಂಡಾ, ಎಸ್-ಒ-ಒ-ಎನ್-ಡಿ-ಎ. ಗೇರುಸೊಪ್ಪೆಗಂತೂ ಲೆಕ್ಕವೇ ಇಲ್ಲ: ಗಾರ್ಸೋಪಾ, ಗೆರ್ಸಪ್ಪಾ, ಗೆರ್ಸೊಪ್ಪಾ. ಇಬ್ನ್ ಬತೂತನ ಪ್ರವಾಸಕಥನದ ಇಂಗ್ಲಿಷ್ ಅನುವಾದದಲ್ಲಿ ಹೊನ್ನಾವರ ಎಂದು ಹುಡುಕಿದರೆ ಸೊನ್ನೆ. ಎಚ್-ಐ-ಎನ್-ಎ-ಡಬ್ಲ್ಯು-ಆರ್ ಹಾಕಿ ನೋಡಿ. ಆ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವು ಎಂಬ ಸಾಲು ಸಿಗುತ್ತದೆ. ಅದು 14ನೇ ಶತಮಾನದ ಹೊನ್ನಾವರ. ಇದನ್ನು ಓದಿ ಹೇಳಿದರೆ ಎಂಟನೇ ತರಗತಿಯ ಹುಡುಗಿಯರು ಕಣ್ಣರಳಿಸದಿದ್ದರೆ ಕೇಳಿ.

ಎರಡನೆಯದು, ಪುಸ್ತಕ ತಪ್ಪುವುದು. ಶಾಸನ ಎಂದೊಡನೆ ಎಲ್ಲರೂ ತೆರೆಯುವುದು ಎಪಿಗ್ರಾಫಿಯಾ ಕರ್ನಾಟಿಕಾ. ಬನವಾಸಿಯ ಶಾಸನ ಅದರಲ್ಲಿ ಇಲ್ಲ, ಹಾಗಾಗಿ ಆನ್‌ಲೈನ್‌ನಲ್ಲೇ ಇಲ್ಲ ಎಂದು ತೀರ್ಮಾನ. ಅದನ್ನು ಸಂಪಾದಿಸಿದ ಬಿ.ಎಲ್. ರೈಸ್ ಹಳೇ ಮೈಸೂರು ಮತ್ತು ಕೊಡಗಿನಲ್ಲಿ ಕೆಲಸ ಮಾಡಿದವರು. ಮುಂಬಯಿಯ ಜಿಲ್ಲೆ ಅವರ ವ್ಯಾಪ್ತಿಗೆ ಬರುತ್ತಿರಲಿಲ್ಲ, ಅಷ್ಟೇ. ನಮ್ಮ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯಲ್ಲಿ ‘ಬಾಂಬೆ ಕರ್ನಾಟಕ’ ಎಂಬ ಉಪಶೀರ್ಷಿಕೆಯ ಸಂಪುಟಗಳನ್ನು ನೋಡಬೇಕು. 11ನೆಯದರಿಂದ ಶುರು. ಜೊತೆಗೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್. ಹಾಗೆಂದು ರೈಸ್ ಅವರನ್ನು ಪೂರ್ತಿ ಬಿಡಬೇಡಿ. ಬನವಾಸಿಯ ಹೊಳೆ ದಾಟಿದರೆ ಸೊರಬ ಸೀಮೆ. ಸೊರಬ, ಸಾಗರ ತಾಲ್ಲೂಕುಗಳು 8ನೇ ಸಂಪುಟದಲ್ಲಿವೆ, ಬನವಾಸಿ ನಾಡಿನ ಹೆಸರು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ತಾಳಗುಂದದ ಸ್ತಂಭಶಾಸನ 7ನೆಯದರಲ್ಲಿ, ಶಿಕಾರಿಪುರ ತಾಲ್ಲೂಕಿನ ಕೆಳಗೆ. ಮಯೂರಶರ್ಮ ಗುರುವಿನೊಡನೆ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು ಎಲ್ಲ ಅದರಲ್ಲಿದೆ. ಮಕ್ಕಳ ತಲೆಯಲ್ಲಿ ಇರುವುದು ಸಿನಿಮಾದ ಮಯೂರ. ಎರಡನ್ನೂ ಅಕ್ಕಪಕ್ಕ ಇಟ್ಟು ‘ಶಾಸನದಲ್ಲಿ ಇಲ್ಲದ್ದು ಸಿನಿಮಾದಲ್ಲಿ ಏನೇನು ಸೇರಿದೆ’ ಎಂದು ಪಟ್ಟಿ ಮಾಡಿಸಿ. ಒಂದು ಪೀರಿಯಡ್ ಸಾಲುವುದಿಲ್ಲ.

ಇವೆಲ್ಲದಕ್ಕಿಂತ ಮೊದಲು ಇಳಿಸಿಕೊಳ್ಳಬೇಕಾದದ್ದು ಮುಂಬಯಿ ಪ್ರಾಂತ್ಯದ ಗೆಜೆಟಿಯರ್‌ನ 15ನೇ ಸಂಪುಟ, ಕೆನರಾ, 1883, ಎರಡು ಭಾಗ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕೆನರಾ ಎಂದಷ್ಟೇ ಹಾಕದೆ ಬಾಂಬೆ ಗೆಜೆಟಿಯರ್ ಎಂದೂ ಸೇರಿಸಿ ಹುಡುಕಿ. ಇತಿಹಾಸ ಮತ್ತು ಒಂದೊಂದು ಊರಿನ ವಿವರ ಎರಡನೇ ಭಾಗದಲ್ಲಿದೆ, ಅವಸರವಿದ್ದರೆ ಅದೊಂದೇ ಸಾಕು.

ಪುಸ್ತಕ ತೆರೆದ ಮೇಲೆ ಮತ್ತೊಂದು ದೂರು ಬರುತ್ತದೆ: ‘ಒಳಗೆ ಕಾರವಾರ ಎಂದು ಹುಡುಕಿದೆ, ಒಂದೂ ಬರಲಿಲ್ಲ.’ ಬರುವುದಿಲ್ಲ. ಆ ಗೆಜೆಟಿಯರ್‌ನಲ್ಲಿ ದೀರ್ಘ ಸ್ವರ ತೋರಿಸಲು ಎ ಅಕ್ಷರದ ತಲೆಯ ಮೇಲೆ ಒಂದು ಗೀಟು ಹಾಕಿದ್ದಾರೆ. ಸ್ಕ್ಯಾನ್ ಮಾಡಿದ ಯಂತ್ರ ಆ ಗೀಟು ಕಂಡು ಕಂಗಾಲಾಗಿ, ಎ ಇರಬೇಕಾದಲ್ಲಿ ಒಮ್ಮೆ ಡಿ ಎಂದೂ ಇನ್ನೊಮ್ಮೆ ಏನೋ ಚಿಹ್ನೆ ಎಂದೂ ಓದಿಕೊಂಡಿದೆ. ದೀರ್ಘ ಸ್ವರ ಇಲ್ಲದ ತುಂಡನ್ನು ಹುಡುಕಿ, ಇಲ್ಲವೇ ಪುಸ್ತಕದ ಕೊನೆಯ ಅಕಾರಾದಿಗೆ ಹೋಗಿ. ಅದರಲ್ಲಿ ಕಾಣುವ ಪುಟಸಂಖ್ಯೆಗೂ ಪರದೆಯ ಮೇಲಿನ ಸಂಖ್ಯೆಗೂ ತಾಳೆ ಬೀಳುವುದಿಲ್ಲ, ರಕ್ಷಾಪುಟ, ಮುನ್ನುಡಿ ಎಲ್ಲವೂ ಎಣಿಕೆಗೆ ಸೇರಿರುತ್ತವೆ. ಎಷ್ಟು ಪುಟದ ವ್ಯತ್ಯಾಸ ಎಂದು ಒಮ್ಮೆ ಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಳೆಯ ಕನ್ನಡ ಪುಸ್ತಕಗಳಾದರೆ ಶೀರ್ಷಿಕೆಯನ್ನೂ ಇಂಗ್ಲಿಷ್ ಅಕ್ಷರದಲ್ಲಿ, ಮನಸ್ಸಿಗೆ ಬಂದ ಸ್ಪೆಲ್ಲಿಂಗ್‌ನಲ್ಲಿ ಹಾಕಿರುತ್ತಾರೆ. ಅಲ್ಲಿ ಲೇಖಕರ ಹೆಸರಿನ ಹಿಂದೆ ಹೋಗುವುದೇ ವಾಸಿ.

ಈ ತಾಪತ್ರಯ ಬೇಡವೆಂದು ಮೊಬೈಲಿನ ಎಐ ಚಾಟ್‌ಗೆ ಕೇಳುವವರೂ ಇದ್ದಾರೆ. ಅದು ಇಲ್ಲದ ಶಾಸನಕ್ಕೂ ನಂಬರು ಕೊಟ್ಟೀತು. ಹುಡುಕುವ ಪದ ಸೂಚಿಸಲು ಬಳಸಿ, ಉತ್ತರವನ್ನು ಪುಟ ತೆರೆದೇ ನೋಡಿ.

ತರಗತಿಗೆ ಇಡೀ ಪುಸ್ತಕ ಒಯ್ಯಬೇಡಿ. ನಲವತ್ತು ನಿಮಿಷಕ್ಕೆ ಒಂದು ಪುಟ, ಅದರಲ್ಲೂ ಎಂಟು ಹತ್ತು ಸಾಲು. ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಎ4 ಹಾಳೆಯಲ್ಲಿ ಮುದ್ರಿಸಿ, ಕೆಳಗೆ ನಿಮ್ಮ ಕನ್ನಡ ಅನುವಾದ, ಇಬ್ಬರು ಮಕ್ಕಳಿಗೆ ಒಂದು ಹಾಳೆ. ಮೂರೇ ಪ್ರಶ್ನೆ: ಬರೆದವನು ಯಾರು, ಕಣ್ಣಾರೆ ಕಂಡನೋ ಕೇಳಿ ಬರೆದನೋ, ಯಾವುದು ಇಂದಿಗೂ ಹಾಗೇ ಇದೆ? ಪ್ರೊಜೆಕ್ಟರ್ ಇಲ್ಲವೆಂದು ಕೊರಗಬೇಕಾಗಿಲ್ಲ.

ಯಾವ ಪುಟದಿಂದ ಶುರು ಮಾಡಲಿ ಎಂದರೆ ಪಿಯೆತ್ರೊ ದೆಲ್ಲಾ ವಾಲ್ಲೆಯದು. ಇಟಲಿಯ ಈ ಪ್ರವಾಸಿ 1623ರಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ದಾರಿಯಲ್ಲಿ ಒಂದು ಗುಡಿಯ ಜಗುಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ನೋಡುತ್ತಾನೆ. ನೆಲದ ಮೇಲೆ ನುಣುಪು ಮರಳು ಹರಡಿದೆ. ಒಬ್ಬ ಪಾಠವನ್ನು ರಾಗವಾಗಿ ಹೇಳುತ್ತ ಬೆರಳಲ್ಲಿ ಬರೆಯುತ್ತಾನೆ, ಉಳಿದವರು ಹಾಗೇ ಹೇಳುತ್ತ ಬರೆಯುತ್ತಾರೆ. ಮರಳು ತುಂಬಿದರೆ ಅಳಿಸಿ ಮತ್ತೆ ಹೊಸದಾಗಿ ಹರಡಿಕೊಳ್ಳುತ್ತಾರೆ. ಗುರು ಇಲ್ಲದಾಗ ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರಿಗೂ ಒಂದೇ ಸಲ ಒಂದೇ ಕಡೆ ತೊಡಕಾಗುವುದು ಸಾಧ್ಯವೇ ಇಲ್ಲ ಎಂಬರ್ಥದ ಉತ್ತರ ಕೊಟ್ಟರಂತೆ. ನಾನೂರು ವರ್ಷ ಹಿಂದಿನ ನಮ್ಮ ಘಟ್ಟದ ಹುಡುಗರು! ಎಡ್ವರ್ಡ್ ಗ್ರೇ ಸಂಪಾದಿಸಿದ 1892ರ ಇಂಗ್ಲಿಷ್ ಆವೃತ್ತಿ ಆರ್ಕೈವ್‌ನಲ್ಲಿದೆ. 1800–01ರಲ್ಲಿ ಇದೇ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ಮೂರು ಸಂಪುಟಗಳೂ ಇವೆ. ನಮಗೆ ಬೇಕಾದದ್ದು ಮೂರನೆಯದು: ಅಡಿಕೆ, ಮೆಣಸು, ಗೇಣಿ, ತೆರಿಗೆ ಎಲ್ಲದರ ವಿವರ. ತೋಟದ ಮನೆಯ ಮಕ್ಕಳಿಗೆ ಪಾಠ ಹೇಳುವುದೇ ಬೇಡ, ಅವರೇ ತಪ್ಪು ಹುಡುಕುತ್ತಾರೆ. ಇವೆಲ್ಲ ಕೃತಿಸ್ವಾಮ್ಯ ಮುಗಿದ ಪುಸ್ತಕಗಳು, ನಕಲು ತೆಗೆಯಲು ಯಾರನ್ನೂ ಕೇಳಬೇಕಾಗಿಲ್ಲ.

ಯಾರೂ ಕೇಳದಿದ್ದರೂ ಒಂದು ಮಾತು. ಶಾಸನ ಓದಿಸಲು ಹೊರಟವರು ಎಡವುವುದು ಲಿಪಿಯಲ್ಲಲ್ಲ, ಇಸವಿಯಲ್ಲಿ. ಶಕ ವರ್ಷವನ್ನು ಹಾಗೇ ಕ್ರಿಸ್ತಶಕವೆಂದು ಬೋರ್ಡಿನ ಮೇಲೆ ಬರೆದುಬಿಡುತ್ತಾರೆ. 78 ಕೂಡಿಸಬೇಕು. ಐಹೊಳೆ ಶಾಸನ ಶಕ 556, ಅಂದರೆ 634. ಚೈತ್ರದಿಂದ ಮಾರ್ಗಶಿರದವರೆಗೆ ಸಾಮಾನ್ಯವಾಗಿ 78, ಮಾಘ ಫಾಲ್ಗುಣಕ್ಕೆ 79. ಅಷ್ಟರಲ್ಲಿ ಜನವರಿ ದಾಟಿರುತ್ತದೆ. ಪುಷ್ಯ ಎರಡೂ ಕಡೆ ಬೀಳಬಹುದು.

ತಾಳೆ ನೋಡಲು ಸಂವತ್ಸರ ಇದೆ. ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ. ಶೇಷ ಸೊನ್ನೆಯಾದರೆ ಅರವತ್ತನೆಯದು, ಅಕ್ಷಯ. 2025ರ ಯುಗಾದಿಗೆ ಶಕ 1947: 12 ಕೂಡಿಸಿದರೆ 1959, ಶೇಷ 39, ವಿಶ್ವಾವಸು. ಮನೆಯ ಪಂಚಾಂಗದಲ್ಲಿ ಮಕ್ಕಳೇ ನೋಡಿ ಬರಲಿ. ಶಕ 1474 ಎಂದಿದ್ದರೆ ಶೇಷ 46, ಪರಿಧಾವಿ ಬರಬೇಕು. ಶಾಸನದಲ್ಲಿರುವ ಸಂವತ್ಸರ ಇದಕ್ಕಿಂತ ಒಂದು ಹಿಂದಿನದಾಗಿದ್ದರೆ, ಬರೆಸಿದವನು ಪೂರ್ತಿ ಮುಗಿದ ವರ್ಷಗಳನ್ನಷ್ಟೇ ಎಣಿಸುವ ಬದಲು ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿದ್ದಾನೆ ಎಂದು ಲೆಕ್ಕ. ಆಗ 78ರ ಬದಲು 77. ಈ ಸಂವತ್ಸರದ ಸೂತ್ರ ಹತ್ತನೇ ಶತಮಾನದಿಂದ ಈಚಿನ ಶಾಸನಗಳಿಗೆ ಮಾತ್ರ, ಅದಕ್ಕೂ ಹಳೆಯದಕ್ಕೆ ಹಚ್ಚಬೇಡಿ.

ಕದಂಬರ ಶಾಸನದಲ್ಲಿ ಶಕ ವರ್ಷ ಹುಡುಕಿ ಸುಸ್ತಾಗಲೂಬೇಡಿ. ಅವರು ಬರೆಸುತ್ತಿದ್ದುದು ತಮ್ಮ ಆಳ್ವಿಕೆಯ ಇಷ್ಟನೇ ವರ್ಷ ಎಂದು, ತಾಳಗುಂದದಲ್ಲಂತೂ ಅದೂ ಇಲ್ಲ. ಶಕ ವರ್ಷದಿಂದಲೇ ಅಭ್ಯಾಸ ಶುರು ಮಾಡಿಸಬೇಕಿದ್ದರೆ ಬಾದಾಮಿಯ ಬಂಡೆಯ ಮೇಲಿನ ಒಂದನೇ ಪುಲಕೇಶಿಯ ಶಾಸನ ತೆಗೆದುಕೊಳ್ಳಿ: ಶಕ 465.