ಅದೇ ಬೆಲೆಗೆ ಚಿಕ್ಕ ಗ್ಲಾಸ್ ಏಕೆ? ಕ್ರಾಫ್ಟ್ ಬಿಯರ್‌ನ ಅಳತೆ ಮತ್ತು ಬೆಲೆ

ಪ್ರಶ್ನೆ: ಒಂದೇ ಬಾರ್‌ನ ಒಂದೇ ಮೆನುವಿನಲ್ಲಿ ಒಂದು ಕ್ರಾಫ್ಟ್ ಬಿಯರ್ (ಚಿಕ್ಕ ತಯಾರಕರ ವಿಶೇಷ ಬಿಯರ್) ಸುಮಾರು ಅರ್ಧ ಲೀಟರಿನ ಪೂರ್ತಿ ಪಿಂಟ್ ಗ್ಲಾಸಿನಲ್ಲಿ ಬರುತ್ತದೆ, ಅಷ್ಟೇ ಬೆಲೆಯ ಇನ್ನೊಂದು ಬಿಯರ್ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುವ ಗ್ಲಾಸಿನಲ್ಲಿ ಬರುತ್ತದೆ. ಇದಕ್ಕೆ ನ್ಯಾಯವಾದ ಕಾರಣವಿದೆಯೇ, ಅಥವಾ ಇದು ಗ್ರಾಹಕರಿಗೆ ಮಾಡುವ ಮೋಸವೇ?

ಉತ್ತರ: ಗ್ಲಾಸ್ ಚಿಕ್ಕದಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಮೋಸ ಎನ್ನಲಾಗದು. ಬಹಳಷ್ಟು ಸಂದರ್ಭಗಳಲ್ಲಿ ಅದಕ್ಕೆ ಗಟ್ಟಿಯಾದ ಕಾರಣವಿರುತ್ತದೆ. ಆದರೆ ಆ ಗ್ಲಾಸಿನಲ್ಲಿ ಎಷ್ಟು ಮಿಲಿಲೀಟರ್ ಬಿಯರ್ ಇದೆ ಎಂಬುದನ್ನು ಮೆನುವಿನಲ್ಲಿ ಬರೆಯದೆ ಬೆಲೆಯನ್ನು ಮಾತ್ರ ಬರೆಯುವುದು ಖಂಡಿತ ತಪ್ಪು. ಇವೆರಡನ್ನೂ ಬೇರೆಬೇರೆಯಾಗಿ ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೊದಲ ಕಾರಣ ಮದ್ಯಾಂಶ. ಶೇ. 5ರಷ್ಟು ಮದ್ಯಾಂಶವಿರುವ ಸಾಮಾನ್ಯ ಬಿಯರ್ 473 ಮಿ.ಲೀ. ಗ್ಲಾಸಿನಲ್ಲಿ ಬಂದಿದೆ ಎಂದುಕೊಳ್ಳಿ. ಅದರಲ್ಲಿರುವ ಶುದ್ಧ ಮದ್ಯ ಸುಮಾರು 24 ಮಿ.ಲೀ. ಶೇ. 8ರಷ್ಟು ಮದ್ಯಾಂಶವಿರುವ ಡಬಲ್ ಐಪಿಎ ಎಂಬ ಕಹಿ ಬಗೆಯ ಬಲವಾದ ಬಿಯರನ್ನು 300 ಮಿ.ಲೀ. ಗ್ಲಾಸಿನಲ್ಲಿ ಕೊಟ್ಟರೆ ಅದರಲ್ಲಿಯೂ ಇರುವುದು 24 ಮಿ.ಲೀ. ಶೇ. 10ರ ಇಂಪೀರಿಯಲ್ ಸ್ಟೌಟ್ ಎಂಬ ಕಪ್ಪು ಬಿಯರ್ ಆದರೆ 240 ಮಿ.ಲೀ.ಗೇ ಅಷ್ಟು ಮದ್ಯ ತುಂಬುತ್ತದೆ. ಮೇಜಿನ ಮೇಲೆ ಮೂರು ಗಾತ್ರದ ಗ್ಲಾಸುಗಳು ಕಂಡರೂ ದೇಹಕ್ಕೆ ಸೇರುವ ಮದ್ಯ ಒಂದೇ ಪ್ರಮಾಣದ್ದು. ಅದೇ ಸ್ಟೌಟನ್ನು ಪೂರ್ತಿ 473 ಮಿ.ಲೀ. ಸುರಿದುಕೊಟ್ಟರೆ ಗ್ರಾಹಕರು ಒಂದು ಗ್ಲಾಸ್ ಕುಡಿದೆ ಎಂದುಕೊಂಡು ಎರಡು ಗ್ಲಾಸಿನಷ್ಟು ಮದ್ಯವನ್ನು ಸೇವಿಸಿರುತ್ತಾರೆ. ಎಷ್ಟು ಕುಡಿದೆವು ಎಂಬುದನ್ನು ಗ್ಲಾಸುಗಳ ಎಣಿಕೆಯಿಂದಲೇ ಅಳೆಯುವ ಅಭ್ಯಾಸ ನಮ್ಮಲ್ಲಿ ಬಹಳ ಮಂದಿಗೆ ಇರುವುದರಿಂದ ಬಲವಾದ ಬಿಯರಿಗೆ ಚಿಕ್ಕ ಗ್ಲಾಸನ್ನು ಆರಿಸುವ ಬಾರ್ ಗ್ರಾಹಕರ ಸುರಕ್ಷತೆಯನ್ನೂ ಕಾಯುತ್ತದೆ ಎಂದೇ ನನ್ನ ಅಭಿಪ್ರಾಯ.

ಎರಡನೆಯದು ತಯಾರಿಕೆಯ ವೆಚ್ಚ. ಬಿಯರಿನ ಮದ್ಯ ಮುಖ್ಯವಾಗಿ ಮೊಳಕೆ ಬರಿಸಿ ಒಣಗಿಸಿದ ಧಾನ್ಯವಾದ ಮಾಲ್ಟ್‌ನ ಸಕ್ಕರೆಯಿಂದ ಬರುವುದು. ಯೀಸ್ಟ್ ಆ ಸಕ್ಕರೆಯನ್ನು ತಿಂದು ಮದ್ಯವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ. ಮದ್ಯಾಂಶ ದುಪ್ಪಟ್ಟಾಗಬೇಕಾದರೆ ಅಷ್ಟೇ ನೀರಿಗೆ ಹೆಚ್ಚುಕಡಿಮೆ ದುಪ್ಪಟ್ಟು ಮಾಲ್ಟ್ ಬೇಕು. ಹುದುಗುವಿಕೆಯೂ ನಿಧಾನ, ಆಮೇಲೆ ಪಕ್ವವಾಗಲು ಬೇಕಾಗುವ ದಿನಗಳೂ ಹೆಚ್ಚು. ಅಷ್ಟು ಕಾಲ ಆ ಟ್ಯಾಂಕ್ ಬೇರೆ ಬಿಯರಿಗೆ ಸಿಗುವುದಿಲ್ಲ. ಹುದುಗಿದ ಬಿಯರಿಗೆ ಪರಿಮಳಕ್ಕಾಗಿ ಮತ್ತೆ ಹಾಪ್ಸ್ (ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹೂವು) ಸೇರಿಸುವ ಬಗೆಗಳಲ್ಲಿ ಆ ಹಾಪ್ಸೇ ಸಾಕಷ್ಟು ಬಿಯರನ್ನು ಹೀರಿಕೊಂಡು ತಳದಲ್ಲಿ ಉಳಿಯುತ್ತದೆ, ಅದನ್ನು ಮರಳಿ ಪಡೆಯಲಾಗದು. ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುವ ಬಿಯರಿನಲ್ಲಿ ಒಂದು ಭಾಗ ಆವಿಯಾಗಿಯೂ ಹೋಗುತ್ತದೆ. ಇದರ ಮೇಲೆ ತೆರಿಗೆ. ಬ್ರಿಟನ್ನಿನಲ್ಲಿ 2023ರ ಆಗಸ್ಟ್‌ನಿಂದ ಎಲ್ಲ ಬಗೆಯ ಮದ್ಯಕ್ಕೂ ಅದರಲ್ಲಿರುವ ಶುದ್ಧ ಮದ್ಯದ ಪ್ರಮಾಣವನ್ನು ಆಧರಿಸಿ ತೆರಿಗೆ ಹಾಕಲಾಗುತ್ತಿದೆ. ಅಂಥ ಕಡೆ ಬಿಯರ್ ಬಲವಾದಷ್ಟೂ ಲೀಟರಿನ ಮೇಲಿನ ತೆರಿಗೆ ಏರುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಬಿಯರ್ ತೆರಿಗೆಯಂತೆ ಬ್ಯಾರೆಲ್ಲಿನ ಲೆಕ್ಕದಲ್ಲಿ, ಅಂದರೆ ಮದ್ಯಾಂಶ ಎಷ್ಟೇ ಇರಲಿ ಬಿಯರಿನ ಒಟ್ಟು ಪ್ರಮಾಣದ ಮೇಲೆ, ತೆರಿಗೆ ವಿಧಿಸುವ ಕಡೆ ಈ ವ್ಯತ್ಯಾಸ ಬರುವುದಿಲ್ಲ.

ಬಾರ್‌ನ ಒಳಗಿನ ಲೆಕ್ಕವನ್ನು ಗ್ರಾಹಕರು ಸಾಮಾನ್ಯವಾಗಿ ಕಾಣುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಟ್ಯಾಪ್‌ನಿಂದ ಬರುವ ಬಿಯರ್ ಕೆಗ್ ಎಂಬ ಲೋಹದ ಪೀಪಾಯಿಯಲ್ಲಿ ಬರುತ್ತದೆ. ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ದೊಡ್ಡ ಕೆಗ್ ಸುಮಾರು 58.7 ಲೀಟರಿನದು, ಚಿಕ್ಕದು ಸುಮಾರು 19.5 ಲೀಟರಿನದು; ಯುರೋಪಿನಲ್ಲಿ 50, 30 ಮತ್ತು 20 ಲೀಟರಿನವು ಸಾಮಾನ್ಯ. ಬಿಯರ್ ಎಷ್ಟೇ ಇರಲಿ, ಕೆಗ್ಗನ್ನು ತೊಳೆಯುವ, ತುಂಬುವ, ಸಾಗಿಸುವ, ಖಾಲಿಯಾದ ಮೇಲೆ ಹಿಂದಕ್ಕೆ ತರುವ ಕೆಲಸ ಒಂದೊಂದು ಕೆಗ್ಗಿಗೂ ಇದ್ದೇ ಇರುತ್ತದೆ. ಆದ್ದರಿಂದ ಚಿಕ್ಕ ಕೆಗ್ಗಿನಲ್ಲಿ ಪ್ರತಿ ಲೀಟರಿನ ಬೆಲೆ ಹೆಚ್ಚು. ವಿಶೇಷ ಬಿಯರುಗಳು ಬರುವುದು ಹೆಚ್ಚಾಗಿ ಈ ಚಿಕ್ಕ ಕೆಗ್ಗುಗಳಲ್ಲೇ. 58.7 ಲೀಟರಿನ ಕೆಗ್ಗಿನಿಂದ ಕಾಗದದ ಮೇಲೆ 473 ಮಿ.ಲೀ.ನ 124 ಗ್ಲಾಸುಗಳು ಸಿಗಬೇಕು. ಆದರೆ ಮೊದಲ ಸುರಿತದ ನೊರೆ, ಕೆಗ್ ಬದಲಿಸುವಾಗಿನ ನಷ್ಟ, ರುಚಿ ನೋಡಲೆಂದು ಕೊಡುವ ಗುಟುಕು, ಬಿಯರ್ ಹರಿಯುವ ಕೊಳವೆಯನ್ನು ತೊಳೆಯುವಾಗ ಚೆಲ್ಲಬೇಕಾದ ಭಾಗ, ಇವೆಲ್ಲ ಸೇರಿ ಹತ್ತನೇ ಒಂದು ಭಾಗ ಹೋದರೂ ಮಾರಾಟಕ್ಕೆ ಉಳಿಯುವುದು 112 ಗ್ಲಾಸು ಮಾತ್ರ. ಈ ಕೊಳವೆಗಳನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕೆಂಬುದು ಅಮೆರಿಕದ ಬಿಯರ್ ತಯಾರಕರ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್‌ನ ಶಿಫಾರಸು. ಹುಳಿ ಅಥವಾ ಬೆಣ್ಣೆಯಂಥ ಬೇಡದ ವಾಸನೆ ಬಾರದಿರಲು ಅದು ಬೇಕೇ ಬೇಕು. ಆ ಖರ್ಚನ್ನು ಉಳಿಸುವ ಬಾರ್‌ನಲ್ಲಿ ಗ್ಲಾಸ್ ಅಗ್ಗವಾದರೂ ಬಿಯರ್ ಕೆಟ್ಟಿರುತ್ತದೆ.

ಇನ್ನು ಲಾಭದ ಲೆಕ್ಕ. ಗ್ಲಾಸಿನಲ್ಲಿರುವ ಬಿಯರಿನ ಕೊಳ್ಳುವ ಬೆಲೆ ಮಾರುವ ಬೆಲೆಯ ಐದನೇ ಅಥವಾ ನಾಲ್ಕನೇ ಒಂದು ಭಾಗದ ಆಸುಪಾಸಿನಲ್ಲಿರಬೇಕೆಂಬುದು ಬಾರ್ ನಡೆಸುವವರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಉಳಿದದ್ದರಲ್ಲಿ ಬಾಡಿಗೆ, ಸಂಬಳ, ವಿದ್ಯುತ್ತು, ಗ್ಲಾಸ್ ತೊಳೆಯುವುದು, ಲಾಭ ಎಲ್ಲವೂ ಬರಬೇಕು. ಸಾಮಾನ್ಯ ಬಿಯರಿಗೆ ಈ ಲೆಕ್ಕ ಸರಿಹೋಗುತ್ತದೆ. ದುಬಾರಿ ಕೆಗ್ಗಿಗೆ ಇದನ್ನೇ ಹಾಕಿದರೆ ಏನಾಗುತ್ತದೆ ನೋಡಿ. ಒಂದು ಬಿಯರಿನ ಒಂದು ಗ್ಲಾಸಿಗೆ ಬಾರ್ 2 ಕೊಟ್ಟು ಅದನ್ನು 8ಕ್ಕೆ ಮಾರಿದರೆ ಅದಕ್ಕೆ ಉಳಿಯುವುದು 6; ಇನ್ನೊಂದಕ್ಕೆ 4 ಕೊಟ್ಟು ಅದೇ ನಾಲ್ಕು ಪಟ್ಟಿನ ಪ್ರಕಾರ 16ಕ್ಕೆ ಮಾರಿದರೆ ಉಳಿಯುವುದು 12. ಸುರಿಯುವ ಶ್ರಮ, ತೊಳೆಯುವ ಶ್ರಮ, ಕುರ್ಚಿಯ ಬಾಡಿಗೆ ಎರಡಕ್ಕೂ ಒಂದೇ ಆಗಿದ್ದರೂ ಎರಡನೆಯ ಗ್ರಾಹಕರಿಂದ ದುಪ್ಪಟ್ಟು ಪಡೆದಂತಾಯಿತು. ಈ ಬೆಲೆ ಮೆನುವಿನಲ್ಲಿ ಕಣ್ಣಿಗೆ ಹೊಡೆಯಬಾರದೆಂದು ಗ್ಲಾಸನ್ನು ಅರ್ಧಕ್ಕೆ ಇಳಿಸಿ ಮತ್ತೆ 8 ಎಂದು ಬರೆಯುವುದುಂಟು. ನೀವು ಹೇಳಿದ ‘ಅದೇ ಬೆಲೆ, ಚಿಕ್ಕ ಗ್ಲಾಸ್’ ಎಷ್ಟೋ ಕಡೆ ಹುಟ್ಟುವುದು ಹೀಗೆ. ಇದಕ್ಕಿಂತ ಒಳ್ಳೆಯ ದಾರಿಯನ್ನು ಹಿಡಿದ ಬಾರ್‌ಗಳೂ ಇವೆ: ಅವು ದುಬಾರಿ ಬಿಯರಿನ ಮೇಲೆ ಪಟ್ಟು ಹಾಕದೆ ಪ್ರತಿ ಗ್ಲಾಸಿಗೆ ನಿಗದಿತ ಮೊತ್ತವನ್ನಷ್ಟೇ ಸೇರಿಸುತ್ತವೆ, ಆಗ 4ರ ಬಿಯರ್ 10ಕ್ಕೆ ಸಿಗುತ್ತದೆ, ಕೆಗ್ಗೂ ಬೇಗ ಖಾಲಿಯಾಗಿ ಬಿಯರ್ ತಾಜಾ ಇರುತ್ತದೆ. ವ್ಯಾಪಾರಕ್ಕೂ ಗ್ರಾಹಕರಿಗೂ ಒಳ್ಳೆಯದಾದ ಈ ಪದ್ಧತಿ ಇನ್ನೂ ಹೆಚ್ಚು ಕಡೆ ಬರಬೇಕು.

ಅಳತೆಯ ವಿಷಯದಲ್ಲಿ ಗೊಂದಲಕ್ಕೆ ಇನ್ನೊಂದು ಮೂಲವೆಂದರೆ ಪಿಂಟ್ ಎಂಬುದು ಎಲ್ಲೆಡೆ ಒಂದೇ ಅಲ್ಲದಿರುವುದು. ಬ್ರಿಟಿಷ್ ಪಿಂಟ್ 568 ಮಿ.ಲೀ., ಅಮೆರಿಕದ್ದು 473 ಮಿ.ಲೀ.; ದಕ್ಷಿಣ ಆಸ್ಟ್ರೇಲಿಯಾದಲ್ಲಿ ಪಿಂಟ್ ಎಂದು ಕೇಳಿದರೆ ಬರುವುದು ಸಾಮಾನ್ಯವಾಗಿ 425 ಮಿ.ಲೀ. ಬ್ರಿಟನ್ನಿನಲ್ಲಿ ಟ್ಯಾಪ್ ಬಿಯರನ್ನು ಮೂರನೇ ಒಂದು, ಅರ್ಧ, ಮೂರನೇ ಎರಡು ಪಿಂಟ್ ಹಾಗೂ ಅರ್ಧ ಪಿಂಟಿನ ಗುಣಕಗಳಲ್ಲಷ್ಟೇ ಮಾರಬೇಕೆಂಬ ಕಾನೂನಿದೆ; ಮೂರನೇ ಎರಡರ ಅಳತೆ ಅಲ್ಲಿ ಸೇರಿದ್ದು 2011ರಲ್ಲಿ. ಜರ್ಮನಿಯಲ್ಲಿ ಬಾರ್‌ನ ಗ್ಲಾಸಿನ ಮೇಲೆ 0.2, 0.3, 0.5 ಲೀಟರ್ ಎಂದು ಅಳತೆಯ ಗೆರೆ ಇರಲೇಬೇಕು. ಬಿಯರ್ ಗೆರೆಯವರೆಗೆ, ನೊರೆ ಅದರ ಮೇಲೆ. ಇಂಥ ನಿಯಮವಿಲ್ಲದ ಕಡೆಗಳಲ್ಲಿ ‘ಪಿಂಟ್’ ಎಂಬುದು ಗ್ಲಾಸಿನ ಆಕಾರದ ಹೆಸರಾಗಿಬಿಟ್ಟಿದೆ.

ಆ ಆಕಾರವನ್ನೇ ಹತ್ತಿರದಿಂದ ನೋಡೋಣ. ಅನೇಕ ಬಾರ್‌ಗಳಲ್ಲಿ ಕಾಣುವ, ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ ನೇರ ಗೋಡೆಯ ಶೇಕರ್ ಗ್ಲಾಸ್ ಮೂಲತಃ ಕಾಕ್‌ಟೇಲ್ ಬೆರೆಸಲು ಬಳಸುತ್ತಿದ್ದದ್ದು. ಒಂದರೊಳಗೊಂದು ಜೋಡಿಸಿಡಬಹುದು, ಬೇಗ ಒಡೆಯುವುದಿಲ್ಲ, ಅಗ್ಗ ಎಂಬ ಕಾರಣಕ್ಕೆ ಅದು ಬಿಯರಿಗೂ ಬಂತು. ಅದು 473 ಮಿ.ಲೀ. ಹಿಡಿಯುವುದು ಅಂಚಿನವರೆಗೆ ತುಂಬಿದಾಗ. ಗ್ಲಾಸಿನ ಬಾಯಿ ಒಳಗಿನಿಂದ 8.5 ಸೆಂ.ಮೀ. ಅಗಲವಿದ್ದರೆ, ಮೇಲಿನ ಒಂದೇ ಒಂದು ಸೆಂಟಿಮೀಟರಿನಲ್ಲಿ ಹಿಡಿಯುವುದು ಸುಮಾರು 57 ಮಿ.ಲೀ., ಅಂದರೆ ಇಡೀ ಗ್ಲಾಸಿನ ಎಂಟನೇ ಒಂದು ಭಾಗ. ಬೆರಳಗಲದ ನೊರೆ ಎಂದು ನಾವು ಗಮನಿಸದೆ ಬಿಡುವುದು ಇಷ್ಟು. ಹೊರಗಿನಿಂದ ಇದೇ ಎತ್ತರ ಇದೇ ಅಗಲವಿದ್ದು, ತಳ ಮಾತ್ರ ದಪ್ಪವಾಗಿರುವ, ಸುಮಾರು 414 ಮಿ.ಲೀ. ಹಿಡಿಯುವ ಗ್ಲಾಸುಗಳೂ ಮಾರುಕಟ್ಟೆಯಲ್ಲಿವೆ. ಅದರಲ್ಲಿ ನೊರೆಯೂ ಸೇರಿದರೆ ಪಿಂಟ್ ಎಂದು ಕೊಂಡ ಬಿಯರ್ 360 ಮಿ.ಲೀ.ಗೆ ಇಳಿದಿರುತ್ತದೆ. ಹಾಗೆಂದು ನೊರೆಯೇ ಬೇಡ ಎನ್ನುವುದು ಸರಿಯಲ್ಲ. ಪರಿಮಳ ಮೂಗಿಗೆ ಮುಟ್ಟಲು ಅದು ನೆರವಾಗುತ್ತದೆ, ಗೋಧಿ ಬಿಯರಿನಲ್ಲಂತೂ ದಪ್ಪ ನೊರೆಯೇ ಅದರ ಲಕ್ಷಣ. ಅದಕ್ಕೆ ಬೇಕಾದ ಜಾಗವನ್ನು ಅಳತೆಯ ಗೆರೆಯ ಮೇಲೆ ಬಿಟ್ಟಿರುವ ಗ್ಲಾಸೇ ಸರಿಯಾದ ಗ್ಲಾಸು. ಬಲವಾದ ಬಿಯರಿಗೆ ಬಳಸುವ, ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಟ್ಯುಲಿಪ್ ಮತ್ತು ಸ್ನಿಫ್ಟರ್‌ಗಳು ಪರಿಮಳವನ್ನು ಒಳಗೇ ಹಿಡಿದಿಡುತ್ತವೆ. ಅವು ಚಿಕ್ಕದಾಗಿರುವುದಕ್ಕೆ ಅದೂ ಒಂದು ಕಾರಣ.

ಹಾಗಾದರೆ ಬೆಲೆ ನ್ಯಾಯವಾದದ್ದೇ ಎಂದು ತಿಳಿಯುವುದು ಹೇಗೆ? ಬೆಲೆಯನ್ನು ಮಿ.ಲೀ.ನಿಂದ ಭಾಗಿಸಿ ನೂರರಿಂದ ಗುಣಿಸಿದರೆ ನೂರು ಮಿ.ಲೀ.ನ ಬೆಲೆ ಸಿಗುತ್ತದೆ. 473 ಮಿ.ಲೀ.ಗೂ 300 ಮಿ.ಲೀ.ಗೂ ಬೆಲೆ 10 ಎಂದಾದರೆ ಮೊದಲನೆಯದರಲ್ಲಿ ನೂರು ಮಿ.ಲೀ.ಗೆ 2.1, ಎರಡನೆಯದರಲ್ಲಿ 3.3. ಮೊದಲನೆಯದು ಶೇ. 5, ಎರಡನೆಯದು ಶೇ. 8 ಆಗಿದ್ದರೆ ಮದ್ಯದ ಲೆಕ್ಕದಲ್ಲಿ ಎರಡೂ ಸಮ, ಬೆಲೆಯಲ್ಲಿ ಅನ್ಯಾಯವಿಲ್ಲ. ಎರಡೂ ಶೇ. 5ರ ಸುತ್ತಮುತ್ತಲೇ ಇದ್ದು, ಚಿಕ್ಕ ಗ್ಲಾಸಿನದು ಹಣ್ಣು ಸೇರಿಸಿದ್ದೋ ಪೀಪಾಯಿಯಲ್ಲಿ ಇಟ್ಟದ್ದೋ ದೂರದಿಂದ ಬಂದದ್ದೋ ಅಲ್ಲದಿದ್ದರೆ, ಆ ಅರ್ಧಕ್ಕೂ ಹೆಚ್ಚಿನ ಏರಿಕೆಗೆ ಬಾರ್ ಕಾರಣ ಹೇಳಬೇಕು. ಮದ್ಯದ ಲೆಕ್ಕವೊಂದನ್ನೇ ಹಿಡಿದುಕೊಳ್ಳುವುದೂ ಬೇಡ. ಶೇ. 3.5ರ ಒಳ್ಳೆಯ ಬಿಯರ್ ಮಾಡುವುದು ಕಷ್ಟದ ಕೆಲಸ, ಅದರಲ್ಲಿ ತಪ್ಪನ್ನು ಮುಚ್ಚಿಡಲು ಏನೂ ಇರುವುದಿಲ್ಲ. ಅದು ಅಗ್ಗವಾಗಿರಲೇಬೇಕೆಂದು ಕೇಳುವುದು ತಯಾರಕರಿಗೆ ಅನ್ಯಾಯ.

ನಾಲ್ಕು ಚಿಕ್ಕ ಗ್ಲಾಸುಗಳನ್ನು ಹಲಗೆಯ ಮೇಲಿಟ್ಟು ಕೊಡುವ ಫ್ಲೈಟ್‌ನಲ್ಲಿ ಒಂದೊಂದೂ 120 ಮಿ.ಲೀ. ಆಗಿದ್ದರೆ ಒಟ್ಟು 480 ಮಿ.ಲೀ., ಹೆಚ್ಚುಕಡಿಮೆ ಒಂದು ಅಮೆರಿಕನ್ ಪಿಂಟ್. ನಾಲ್ಕು ಬಾರಿ ಸುರಿದು ನಾಲ್ಕು ಗ್ಲಾಸು ತೊಳೆಯಬೇಕಾದ್ದರಿಂದ ಬೆಲೆ ತುಸು ಹೆಚ್ಚಿರುವುದು ಸಹಜ. ಹೊಸಬರಿಗೆ ನಾನು ಸೂಚಿಸುವುದು ಇದನ್ನೇ. ರೆಸ್ಟೋರೆಂಟ್‌ಗಳಲ್ಲಿ ಟ್ಯಾಪ್‌ಗಳು ಕಡಿಮೆ, ಕ್ಯಾನ್‌ಗಳು ಹೆಚ್ಚು. ಕ್ಯಾನಿನ ಮೇಲೆ 330, 355, 440 ಅಥವಾ 473 ಮಿ.ಲೀ. ಎಂದು ಮುದ್ರಿತವಾಗಿರುವುದರಿಂದ ಅಲ್ಲಿ ಅಳತೆಯ ಅನುಮಾನವೇ ಇಲ್ಲ. ಮೇಜಿನ ಬಳಿಯೇ ತೆರೆದು ಸುರಿಯಲು ಕೇಳಿದರೆ ಸಾಕು. ಮೆನುವಿನ ಬೆಲೆಯಲ್ಲಿ ತೆರಿಗೆ ಮತ್ತು ಸೇವಾ ಶುಲ್ಕ ಸೇರಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಟ್ಯಾಪ್ ಬಿಯರಿಗೆ ಅಳತೆ ಬರೆದಿಲ್ಲವಾದರೆ ಆರ್ಡರ್ ಕೊಡುವ ಮೊದಲೇ ‘ಇದು ಎಷ್ಟು ಮಿ.ಲೀ., ಎಷ್ಟು ಪರ್ಸೆಂಟ್?’ ಎಂದು ಕೇಳಿ. ಒಳ್ಳೆಯ ಬಾರ್‌ನಲ್ಲಿ ಎರಡಕ್ಕೂ ತಕ್ಷಣ ಉತ್ತರ ಸಿಗುತ್ತದೆ. ಬಿಯರ್ ಗೆರೆಗಿಂತ ಕೆಳಗಿದ್ದರೆ, ಅಥವಾ ಗೆರೆಯಿಲ್ಲದ ಗ್ಲಾಸಿನಲ್ಲಿ ನೊರೆ ಇಳಿದ ಮೇಲೂ ಬಿಯರ್ ಅಂಚಿನಿಂದ ಬಹಳ ಕೆಳಗಿದ್ದರೆ, ಕುಡಿಯಲು ತೊಡಗುವ ಮೊದಲೇ ಗ್ಲಾಸನ್ನು ಕೌಂಟರಿಗೆ ಮರಳಿಸಿ ತುಂಬಿಕೊಡಿ ಎಂದು ಕೇಳಬಹುದು. ಬ್ರಿಟನ್ನಿನ ಬಿಯರ್ ಉದ್ಯಮದವರ ಮಾರ್ಗಸೂಚಿಯೇ ಗ್ಲಾಸಿನಲ್ಲಿ ಕನಿಷ್ಠ ಶೇ. 95ರಷ್ಟು ದ್ರವವಿರಬೇಕೆಂದೂ, ಗ್ರಾಹಕರು ಕೇಳಿದರೆ ಬೇಸರಿಸದೆ ತುಂಬಿಕೊಡಬೇಕೆಂದೂ ಹೇಳುತ್ತದೆ.