ಹೋಮ್‌ಸ್ಟೇಯಲ್ಲಿ ದುಡ್ಡು ಕೊಟ್ಟು ಇರುವಾಗ ಏನು ಕೇಳಬಹುದು, ಏನು ಕೇಳಬಾರದು?

ಪ್ರಶ್ನೆ: ಜನವರಿಯಲ್ಲಿ ಬನಶಂಕರಿ ಜಾತ್ರೆ ನೋಡಿಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ ತಿರುಗಬೇಕು ಅಂತ ಮನೆಮಂದಿಯೆಲ್ಲ ಹೊರಟಿದ್ದೇವೆ. ಲಾಡ್ಜ್ ಬೇಡ ಅಂತ ಬಾದಾಮಿಯ ಒಂದು ಮನೆಯಲ್ಲೇ ಎರಡು ರೂಮು ಹಿಡಿದಿದ್ದೇವೆ. ಬೆಳಗಿನ ನಾಷ್ಟಾ ಅವರದೇ. ದುಡ್ಡು ಕೊಟ್ಟ ಮೇಲೆ ಬೇಕಾದ್ದು ಕೇಳೋಕೆ ಏನು ಅಂತಾರೆ ನಮ್ಮ ಯಜಮಾನರು. ಬೇರೆಯವರ ಮನೆಯಲ್ಲಿ ಹಾಗೆಲ್ಲ ಕೇಳೋದು ಹೇಗೆ ಅಂತ ನನಗೆ ಸಂಕೋಚ. ಅಲ್ಲಿ ಹೇಗಿರಬೇಕು?

ಉತ್ತರ: ಧಾರಾಳವಾಗಿ ಕೇಳಿ. ಆದರೆ ಮೊದಲೇ ಕೇಳಿ. ಹೋಮ್‌ಸ್ಟೇಗಳಲ್ಲಿ ಬೇಜಾರಾಗುವುದು ಬಹುತೇಕ ಒಂದೇ ಕಾರಣಕ್ಕೆ: ಬೆಳಗ್ಗೆ ಹೇಳಬೇಕಾದ ಮಾತನ್ನು ಜನ ರಾತ್ರಿ ಹೇಳುತ್ತಾರೆ.

ನಮ್ಮ ಕಡೆ ಮನೆಗೆ ಬಂದವರಿಗೆ ‘ಇಲ್ಲ’ ಅನ್ನುವ ರೂಢಿ ಕಡಿಮೆ. ನೀವು ಏನು ಕೇಳಿದರೂ ‘ಆಗ್ಲಿ ಬಿಡ್ರಿ’ ಅಂತಲೇ ಬರುತ್ತದೆ. ಅದನ್ನು ನಂಬಿ ಬಂದವರು ಮತ್ತೊಂದು ಕೇಳುತ್ತಾರೆ. ಒಳಗೆ ಅಡುಗೆಮನೆಯಲ್ಲಿ ಏನಾಗುತ್ತಿದೆ ಅಂತ ಅವರಿಗೆ ಗೊತ್ತಾಗುವುದೇ ಇಲ್ಲ.

ರಾತ್ರಿ ಊಟವನ್ನೇ ತಗೊಳ್ಳಿ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್, ಅಲ್ಲಿಂದ ಮುಂದೆ ಐಹೊಳೆ. ಎರಡೂ ಊರು ಒಂದೇ ದಿನ ನೋಡುವವರೇ ಜಾಸ್ತಿ. ವಾಪಸ್ ಬರುವ ಹೊತ್ತಿಗೆ ಎಲ್ಲರಿಗೂ ಹಸಿವು. ಒಂಬತ್ತೂವರೆಗೆ ಬಾಗಿಲು ತಟ್ಟಿ, ‘ಅಕ್ಕಾರ, ಆರು ಮಂದಿಗೆ ರೊಟ್ಟಿ ಊಟ ಆಗ್ತದೇನ್ರಿ?’ ಅಂದರೆ ಅವರು ಆಗುತ್ತದೆ ಅಂತಾರೆ. ಆಮೇಲೆ ಎಸರು ಇಡಬೇಕು. ಕುದಿಯುವ ನೀರಿಗೆ ಜೋಳದ ಹಿಟ್ಟು ಹಾಕಿ, ಬಿಸಿ ಇರುವಾಗಲೇ ನಾದಬೇಕು. ಒಂದೊಂದೇ ಉಂಡೆ ಹಿಡಿದು ಬಡಿಯಬೇಕು. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರಿ, ತಿರುವಿ, ಉಬ್ಬುವ ತನಕ ಬೇಯಿಸಬೇಕು. ಆರು ಮಂದಿ ಅಂದರೆ ಹದಿನೈದು ಇಪ್ಪತ್ತು ರೊಟ್ಟಿ. ಅದೂ ಬೆಳಗ್ಗೆ ಐದಕ್ಕೆ ಎದ್ದ ಕೈ. ಜೊತೆಗೆ ಎಣ್ಣೆಗಾಯಿ ಬೇಕು, ಕಾಳಿನ ಪಲ್ಯ ಬೇಕು. ಅದೇ ಮಾತನ್ನು ಬೆಳಗ್ಗೆ ಹೊರಡುವಾಗ ಹೇಳಿದ್ದರೆ ಸಂಜೆಯೇ ತಯಾರಿ ಆಗಿರುತ್ತಿತ್ತು. ನಿಮಗೂ ಬಿಸಿ ಊಟ, ಅವರಿಗೂ ಹೊತ್ತಿಗೆ ಸರಿಯಾಗಿ ನಿದ್ದೆ. ಹೇಳುವುದು ಮರೆತಿರಾ? ಮೊದಲೇ ಮಾಡಿ ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಇದ್ದರೆ ಸಾಕು ಅಂತ ನೀವೇ ಹೇಳಿಬಿಡಿ. ಅದು ಏನೂ ಕಡಿಮೆ ಊಟ ಅಲ್ಲ.

ಇನ್ನು ನಿಮ್ಮ ಯಜಮಾನರಿಗೆ ಒಂದು ಮಾತು. ಕೊಟ್ಟ ದುಡ್ಡಿಗೆ ಏನೇನು ಸಿಗುತ್ತದೆ ಅಂತ ಬುಕ್ ಮಾಡುವಾಗಲೇ ಮಾತಾಡಿ ಮುಗಿಸಬೇಕು. ಸಾಮಾನ್ಯವಾಗಿ ರೂಮು, ನಾಷ್ಟಾ ಅಷ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ‘ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಯೋಜನೆಯ ಪ್ರಕಾರ ಮಾಲೀಕರು ಸಂಸಾರ ಸಮೇತ ಅದೇ ಮನೆಯಲ್ಲಿ ಇರಬೇಕು. ಬಾಡಿಗೆಗೆ ಕೊಡುವ ರೂಮು ಆರು ದಾಟಬಾರದು. ಅಂದರೆ ರಾತ್ರಿಯೆಲ್ಲ ಎದ್ದು ಕೂರುವ ಕೌಂಟರ್ ಹುಡುಗ ಇಲ್ಲ, ಪಾಳಿಯ ಮೇಲೆ ಬರುವ ಅಡುಗೆಯವರೂ ಇಲ್ಲ. ಇರುವುದು ಆ ಮನೆಯ ಜನ ಮಾತ್ರ. ಊಟಕ್ಕೆ ಬೇರೆ ದುಡ್ಡಾ, ಡ್ರೈವರ್‌ಗೆ ಮಲಗೋಕೆ ಜಾಗ ಇದೆಯಾ, ಸ್ನಾನಕ್ಕೆ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ಫೋನಿನಲ್ಲೇ ಕೇಳಿ. ರೇಟು ಕಡಿಮೆ ಮಾಡಿ ಅಂತ ಕೇಳುವುದಿದ್ದರೂ ಆಗಲೇ. ಎರಡು ದಿನ ಇದ್ದು, ಹೊರಡುವಾಗ ಬಾಗಿಲಲ್ಲಿ ನಿಂತು ಚೌಕಾಸಿ ಮಾಡುವುದು ನನಗಂತೂ ಸರಿ ಅನಿಸುವುದಿಲ್ಲ.

ಬರುವ ಹೊತ್ತನ್ನೂ ಖಚಿತವಾಗಿ ಹೇಳಿ. ಬೆಂಗಳೂರಿನಿಂದ ರಾತ್ರಿ ರೈಲಿಗೆ ಬರುತ್ತೀರಾದರೆ ಬಾದಾಮಿಯಲ್ಲಿ ಇಳಿಯುವುದು ಬೆಳಗಿನ ಜಾವ. ಸ್ಟೇಷನ್ನಿಂದ ಊರಿಗೆ ಸುಮಾರು ಐದು ಕಿಲೋಮೀಟರ್. ಅಷ್ಟು ಬೇಗ ಬಾಗಿಲು ತೆಗೆಯಲು ಯಾರಾದರೂ ಎದ್ದಿರಬೇಕು. ಹಿಂದಿನ ರಾತ್ರಿ ಇದ್ದವರು ಇನ್ನೂ ಅದೇ ರೂಮಿನಲ್ಲಿ ಮಲಗಿರಲೂಬಹುದು. ರೈಲು ತಡ ಆದರೆ ಒಂದು ಮೆಸೇಜ್ ಹಾಕಿ.

ನೀವು ಹೋಗುವುದು ಜಾತ್ರೆಯ ದಿನಗಳಲ್ಲಿ. ಬನದ ಹುಣ್ಣಿಮೆಗೆ ತೇರು. ಆಮೇಲೂ ಎಷ್ಟೋ ದಿನ ನಾಟಕ ಕಂಪನಿಗಳ ಟೆಂಟು, ಅಂಗಡಿ ಸಾಲು ಇದ್ದೇ ಇರುತ್ತವೆ. ಆಗ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ. ನಿಮಗೆ ಅಂತ ಇಟ್ಟ ರೂಮನ್ನು ಅವರು ಬೇರೆಯವರಿಗೆ ಇಲ್ಲ ಅಂದಿರುತ್ತಾರೆ. ಹೋಗುವುದು ತಪ್ಪಿದರೆ ಗೊತ್ತಾದ ತಕ್ಷಣ ಹೇಳುವುದು ನಿಮ್ಮ ಕರ್ತವ್ಯ. ರಾತ್ರಿ ನಾಟಕ ನೋಡಿ ಬರುವ ಆಸೆ ಇದ್ದರೆ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ.

ಮನೆಯೊಳಗಿನ ರೀತಿ ನಿಮಗೆ ಗೊತ್ತಿರುವುದೇ. ಚಪ್ಪಲಿ ಹೊರಗೆ. ದೇವರ ಜಗಲಿ, ಅಡುಗೆಮನೆ ಕಡೆ ಕರೆದರೆ ಮಾತ್ರ ಹೋಗುವುದು. ಮೊಟ್ಟೆ, ಮಾಂಸ, ಮದ್ಯ ಒಳಗೆ ತರುವಂತಿಲ್ಲದ ಮನೆಗಳು ಇಲ್ಲಿ ಬಹಳ. ರೂಮಿನ ಬಾಗಿಲು ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತೆ ಅನ್ನಬೇಡಿ, ಗೊತ್ತಾಗುತ್ತದೆ. ರೊಟ್ಟಿ ಬಡಿಯುವ ಅವ್ವನ ಫೋಟೋ ಬೇಕಾದರೆ ಕೇಳಿ ತೆಗೆಯಿರಿ. ಮಾಳಿಗೆ ಬಾಗಿಲು, ಕಿಟಕಿ ಹಾಕಿಕೊಂಡು ಹೋಗಿ ಅಂತ ಅವರು ಹೇಳಿದರೆ ಮರೆಯದೆ ಹಾಕಿ. ಬಾದಾಮಿಯ ಮಂಗಗಳು ತೆರೆದ ಕಿಟಕಿಯನ್ನು ಬಿಡುವುದಿಲ್ಲ.

ನಾಷ್ಟಾಕ್ಕೆ ಅವಲಕ್ಕಿ, ಉಪ್ಪಿಟ್ಟು, ಮಂಡಕ್ಕಿಯ ಸುಸಲಾ ಬರಬಹುದು. ಮಗುವಿಗೆ ಖಾರ ಆಗುವುದಿಲ್ಲ, ಅಜ್ಜಿಗೆ ಸಕ್ಕರೆ ಕಾಯಿಲೆ ಅಂತ ಹೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಅದು ಹೇಳಲೇಬೇಕಾದ ವಿಷಯ. ಆದರೆ ದಿನಾ ಇಡ್ಲಿ, ದೋಸೆಯೇ ಬೇಕು ಅನ್ನುವವರಿಗೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲೇ ವಾಸಿ. ‘ಇನ್ನೊಂದ್ ರೊಟ್ಟಿ ಹಾಕ್ತೀನ್ರಿ’ ಅಂತ ಅವರು ಬಂದಾಗ ಬೇಡವಾದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಬಾಯಿಮಾತಿನ ‘ಸಾಕು’ ಇಲ್ಲಿ ನಡೆಯುವುದಿಲ್ಲ. ಹಾಕಿಸಿಕೊಂಡು ಬಿಡುವುದಕ್ಕಿಂತ ಅದೇ ಒಳ್ಳೆಯದು.

ಗುರುತಿನ ಚೀಟಿ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಜೊತೆ ವಿದೇಶಿ ಪಾಸ್‌ಪೋರ್ಟ್‌ನ ನೆಂಟರು ಇದ್ದರೆ ಮೊದಲೇ ತಿಳಿಸಿ. ಅವರು ಬಂದ 24 ಗಂಟೆಯೊಳಗೆ ಮನೆಯವರು ಅವರ ವಿವರವನ್ನು ಸರ್ಕಾರಕ್ಕೆ ಕಳಿಸಲೇಬೇಕು.

ಕೊನೆಗೆ, ಏನಾದರೂ ಸರಿ ಇಲ್ಲದಿದ್ದರೆ? ಅಲ್ಲೇ, ಆಗಲೇ ಹೇಳಿ. ಬಿಸಿನೀರು ಬರಲಿಲ್ಲ, ಹೊದಿಕೆ ಸಾಲಲಿಲ್ಲ ಅಂದರೆ ಐದು ನಿಮಿಷದಲ್ಲಿ ಸರಿಮಾಡುತ್ತಾರೆ. ಎದುರಿಗೆ ‘ಎಲ್ಲಾ ಚೆನ್ನಾಗಿತ್ತು’ ಅಂದು, ಮನೆಗೆ ಬಂದ ಮೇಲೆ ಮೊಬೈಲಿನಲ್ಲಿ ಎರಡು ಸ್ಟಾರ್ ಒತ್ತುವುದು ಅನ್ಯಾಯ. ನಾಲ್ಕೈದು ರೂಮಿನ ಮನೆಗೆ ಆ ಎರಡು ಸ್ಟಾರ್ ದೊಡ್ಡ ಪೆಟ್ಟು. ಹೇಳಿದ ಮೇಲೂ ಸರಿಮಾಡದಿದ್ದರೆ ಆಗ ಬರೆಯಿರಿ, ಇದ್ದದ್ದು ಇದ್ದ ಹಾಗೆ. ಏರ್‌ಬಿಎನ್‌ಬಿಯಲ್ಲಿ ಬುಕ್ ಮಾಡಿದ್ದರೆ ಅದಕ್ಕೆ 14 ದಿನ ಸಮಯ ಇರುತ್ತದೆ. ಅಲ್ಲಿ ಮನೆಯವರೂ ನಿಮ್ಮ ಬಗ್ಗೆ ಬರೆಯುತ್ತಾರೆ. ‘ಸೂಪರ್’ ಅಂತ ಒಂದೇ ಪದ ಬರೆದರೆ ಮುಂದೆ ಹೋಗುವವರಿಗೆ ಉಪಯೋಗ ಇಲ್ಲ. ಓಣಿಯೊಳಗೆ ಕಾರು ಹೋಗುತ್ತದಾ, ಮಹಡಿ ಮೆಟ್ಟಿಲು ವಯಸ್ಸಾದವರಿಗೆ ಆಗುತ್ತದಾ, ಗುಹೆಗಳಿಗೆ ನಡೆದೇ ಹೋಗಬಹುದಾ, ಇಂಥದ್ದನ್ನು ಬರೆಯಿರಿ.