ಹಳೇ ಮನೆಯ ವೈರ್ ಹೊಸ ಮನೆಗೆ ಹಾಕಿಸಬಹುದೇ?

ಪ್ರಶ್ನೆ: ಕೊಪ್ಪಳದ ಹತ್ತಿರ ನಮ್ಮದೊಂದು ಹಳೇ ಮಾಳಿಗೆ ಮನೆ ಇತ್ತು. ಅದನ್ನು ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದೇವೆ. ಹಳೇ ವೈರೆಲ್ಲ ಬಿಚ್ಚಿ ಸುತ್ತಿ ಇಟ್ಟಿದ್ದೇವೆ. ಒಳಗೆ ತಾಮ್ರ ಚೆನ್ನಾಗಿದೆ. ಈಗಿನ ವೈರ್ ರೇಟು ನೋಡಿದರೆ ಬಿಸಾಕಲು ಮನಸ್ಸಾಗುವುದಿಲ್ಲ. ಲೈಟು, ಫ್ಯಾನಿಗಾದರೂ ಹಾಕಿಸಬಹುದಾ?

ಉತ್ತರ: ಬೇಡ. ಲೈಟಿಗೂ ಬೇಡ, ಫ್ಯಾನಿಗೂ ಬೇಡ.

ತಾಮ್ರ ಚೆನ್ನಾಗಿದೆ ಎಂಬ ನಿಮ್ಮ ಮಾತು ನಿಜವೇ ಇರಬಹುದು. ಆದರೆ ಮನೆಯನ್ನು ಕಾಯುವುದು ತಾಮ್ರ ಅಲ್ಲ, ಅದರ ಮೇಲಿನ ಹೊದಿಕೆ. ಪಿವಿಸಿ ಮೆತ್ತಗಿರಲಿ ಎಂದು ತಯಾರಿಸುವಾಗ ಅದಕ್ಕೆ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಗೆ ಅದು ಆರಿಹೋಗುತ್ತದೆ. ಆಮೇಲೆ ಹೊದಿಕೆ ಗಡುಸಾಗುತ್ತದೆ, ಮಡಚಿದ ಕಡೆ ಬಿರುಕು ಬಿಡುತ್ತದೆ. ಗೋಡೆಯ ಮೇಲೆ ಅಲುಗಾಡದೆ ಇದ್ದಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಅದನ್ನು ಎಳೆದು, ಸುತ್ತಿ, ಮತ್ತೆ ಬಿಚ್ಚಿ, ಹೊಸ ಪೈಪಿನ ತಿರುವುಗಳಲ್ಲಿ ಜಗ್ಗಿದಾಗ ಬಿರುಕು ಬೀಳುತ್ತದೆ. ಪೈಪಿನೊಳಗೆ ಬಿದ್ದ ಬಿರುಕು ಯಾರ ಕಣ್ಣಿಗೂ ಕಾಣುವುದಿಲ್ಲ.

ನಮ್ಮ ಭಾಗದ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಾಮಾನ್ಯ ಪಿವಿಸಿ ವೈರಿನ ತಾಮ್ರ 70 ಡಿಗ್ರಿ ಮೀರಿ ಬಿಸಿಯಾಗಬಾರದು. ಸುತ್ತಲಿನ ಗಾಳಿ 30 ಡಿಗ್ರಿ ಇದ್ದರೆ ಕರೆಂಟ್ ಹರಿದು ಏರುವ ಬಿಸಿಗೆ ಇನ್ನೂ 40 ಡಿಗ್ರಿ ಜಾಗ ಇರುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಬೇಸಿಗೆಯಲ್ಲಿ ಗಾಳಿಯೇ 42 ಡಿಗ್ರಿ ಮುಟ್ಟಿದರೆ ಉಳಿಯುವುದು 28 ಮಾತ್ರ. ದಿನವಿಡೀ ಕಾದ ಸ್ಲ್ಯಾಬಿನೊಳಗಿನ ಪೈಪಿನಲ್ಲಿ ಅಷ್ಟೂ ಇರುವುದಿಲ್ಲ. ಕೂಲರು, ಎಸಿ, ಫ್ರಿಜ್ ಎಲ್ಲ ಒಟ್ಟಿಗೆ ಓಡುವುದೂ ಅದೇ ದಿನಗಳಲ್ಲಿ ಅಲ್ವಾ? ಒಂದೇ ವೈರಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಹುಟ್ಟುವ ಶಾಖ ನಾಲ್ಕು ಪಟ್ಟು. ಹೊಸ ವೈರಿಗೇ ಇದು ಪರೀಕ್ಷೆ.

ಇನ್ನು ವೈರಿನ ದಪ್ಪ. ಹಳೇ ಮನೆಗಳಲ್ಲಿ 1/18, 3/22 ಎಂಬ ಲೆಕ್ಕದ ವೈರ್ ಹಾಕುತ್ತಿದ್ದರು. 18ನೇ ಗೇಜಿನ ಒಂದು ಎಳೆ, ಅಥವಾ 22ನೇ ಗೇಜಿನ ಮೂರು ಎಳೆ (ಗೇಜಿನ ಸಂಖ್ಯೆ ಹೆಚ್ಚಿದಷ್ಟು ಎಳೆ ತೆಳ್ಳಗೆ). ಎರಡೂ ಸುಮಾರು 1.2 ಚದರ ಮಿಲಿಮೀಟರ್ ಆಗುತ್ತವೆ. ಕೋಣೆಗೊಂದು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ ಇದ್ದ ಕಾಲಕ್ಕೆ ಅದು ಸಾಕಿತ್ತು. ಈಗ 2 ಕಿಲೋವ್ಯಾಟ್ ಗೀಸರ್ ಒಂದೇ 9 ಆಂಪಿಯರ್ ಹತ್ತಿರ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಅದಕ್ಕೇ ಈಗ ಲೈಟು ಫ್ಯಾನಿಗೆ 1.5, ಪ್ಲಗ್ಗುಗಳಿಗೆ 2.5, ಎಸಿ ಗೀಸರಿಗೆ 4 ಚದರ ಮಿಲಿಮೀಟರ್ ವೈರ್ ಎಳೆಯುವುದು ರೂಢಿ. ತೆಳ್ಳನೆಯ ಹಳೇ ವೈರಿಗೆ 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಜೋಡಿಸಿದರೆ ಆಗುವುದೇ ಬೇರೆ. ಎಂಸಿಬಿ ಬೀಳುವುದಿಲ್ಲ, ವೈರ್ ಬೇಯುತ್ತಾ ಹೋಗುತ್ತದೆ. ಎಂಸಿಬಿ ಹಾಕುವುದು ವೈರನ್ನು ಕಾಯಲಿ ಎಂದೇ. ಹಾಗಾಗಿ ಅದರ ಆಂಪಿಯರ್ ವೈರಿನ ತಾಕತ್ತಿಗಿಂತ ಜಾಸ್ತಿ ಇರಬಾರದು.

ತುಂಡುಗಳ ತೊಂದರೆಯೂ ಇದೆ. ಹಳೇ ಮನೆಯ ಅಳತೆಗೆ ಕತ್ತರಿಸಿದ ವೈರ್ ಹೊಸ ಮನೆಗೆ ಸರಿಹೊಂದುವುದಿಲ್ಲ. ಆಗ ನಡುವೆ ಗಂಟು ಹಾಕಿ ಟೇಪ್ ಸುತ್ತಿ ಪೈಪಿಗೆ ತೂರಿಸುತ್ತಾರೆ. ಮೊದಲು ಬಿಸಿಯಾಗುವುದು ಆ ಗಂಟೇ. ಜೋಡಣೆ ಇದ್ದರೆ ಅದು ಬಾಕ್ಸಿನಲ್ಲೇ ಇರಬೇಕು, ಪೈಪಿನೊಳಗೆ ಎಂದಿಗೂ ಇರಬಾರದು. ಅಂದಹಾಗೆ, ನಿಮ್ಮ ಸುರುಳಿಯ ಪ್ರತಿ ತುಂಡಿನ ತುದಿಯನ್ನೂ ಚಾಕುವಿನಿಂದ ಕೆರೆದು ನೋಡಿ. ಹಳೇ ಮನೆಗಳಲ್ಲಿ ಅಲ್ಯೂಮಿನಿಯಂ ವೈರ್ ಕೂಡ ಬೆರೆತಿರುತ್ತದೆ. ಅದನ್ನು ತಾಮ್ರಕ್ಕೆ ಸುಮ್ನೆ ಸುತ್ತಿಬಿಟ್ಟರೆ ಜೋಡಣೆ ಸಡಿಲವಾಗಿ, ಕಿಲುಬು ಹಿಡಿದು, ಸುಟ್ಟುಹೋಗುತ್ತದೆ.

ಇದೇ ಪ್ರಶ್ನೆ ಇನ್ನೊಂದು ರೂಪದಲ್ಲೂ ಬರುತ್ತದೆ. ಮನೆ ಕೆಡವಿಲ್ಲ, ಮೇಲೆ ಒಂದು ಅಂತಸ್ತು ಏರಿಸುತ್ತಿದ್ದಾರೆ. ಕೆಳಗಿನ ವೈರಿಂಗ್ ಹಾಗೇ ಬಿಡಬಹುದಾ? ಇಲ್ಲಿ ನನ್ನ ಉತ್ತರ ಅಷ್ಟು ಖಡಾಖಂಡಿತ ಅಲ್ಲ. ಪೈಪಿನೊಳಗೆ ಇರುವ ತಾಮ್ರದ ಪಿವಿಸಿ ವೈರ್ ಆದರೆ ಮೊದಲು ಮೆಗ್ಗರ್ (ಹೊದಿಕೆ ಕರೆಂಟ್ ಸೋರದಂತೆ ಎಷ್ಟು ತಡೆಯುತ್ತದೆ ಎಂದು ಅಳೆಯುವ ಉಪಕರಣ) ಹಾಕಿಸಿ. ಬಲ್ಬು, ಫ್ಯಾನು, ಪ್ಲಗ್ಗು ಎಲ್ಲ ಕಳಚಿ, ಮೇನ್ ಬಂದ್ ಮಾಡಿ, 500 ವೋಲ್ಟಿನಲ್ಲಿ ಪರೀಕ್ಷಿಸುತ್ತಾರೆ. 1 ಮೆಗಾಓಮ್‌ಗಿಂತ ಕಡಿಮೆ ತಡೆ ಬಂದರೆ ಆ ಲೈನ್ ಬದಲಿಸಲೇಬೇಕು. ಪ್ರತಿ ಲೈನಿನ ಅಂಕಿಯನ್ನು ಕಾಗದದ ಮೇಲೆ ಬರೆಸಿಕೊಳ್ಳಿ. "ಚಲೋ ಐತ್ರೀ, ಏನೂ ಆಗಲ್ಲ" ಎಂಬ ಬಾಯಿಮಾತು ಸಾಲದು. ಪಾಸಾದರೂ ಅದನ್ನು ಲೈಟು ಫ್ಯಾನಿಗಷ್ಟೇ ಇಟ್ಟುಕೊಳ್ಳಿ. ಮೇಲಿನ ಅಂತಸ್ತಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ತರಿಸಿ, ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ. ಮರದ ಪಟ್ಟಿಯ ಮೇಲೆ ಓಡಿದ ರಬ್ಬರ್ ಹೊದಿಕೆಯ ವೈರ್ ಇದ್ದರೆ ಪರೀಕ್ಷೆಯೂ ಬೇಡ, ತೆಗೆಸಿಬಿಡಿ.

ಅರ್ಥಿಂಗ್ ವಿಷಯವನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟೋ ಹಳೇ ಮನೆಗಳಲ್ಲಿ ಫೇಸು, ನ್ಯೂಟ್ರಲ್ ಎರಡೇ ವೈರ್, ಅರ್ಥಿಂಗಿನ ಹಸಿರು ವೈರೇ ಇಲ್ಲ. ತಗಡಿನ ಕೂಲರಿನಲ್ಲಿ ನೀರು ತುಂಬುವವರು ಹೆಚ್ಚಾಗಿ ಮನೆಯ ಹೆಂಗಸರು, ಮಕ್ಕಳು. ಬರಿಗಾಲು, ಒದ್ದೆ ನೆಲ. ಅವರ ಜೀವಕ್ಕಾಗಿಯೇ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಬಿದ್ದು ಲೈನ್ ಕಡಿಯುವ ಸ್ವಿಚ್) ಬೇಕು. ಹಳೇ ವೈರಿಂಗಿಗೆ ಆರ್‌ಸಿಸಿಬಿ ಹಾಕಿದರೆ ಪದೇ ಪದೇ ಬೀಳುತ್ತದೆ ಎಂದು ಕೆಲವರು ಅದನ್ನೇ ಕಿತ್ತುಹಾಕುತ್ತಾರೆ. ಅದು ಬೀಳುತ್ತಿದೆ ಎಂದರೆ ಎಲ್ಲೋ ಕರೆಂಟ್ ಸೋರುತ್ತಿದೆ, ಇಲ್ಲವೇ ಬೇರೆ ಬೇರೆ ಲೈನಿನ ನ್ಯೂಟ್ರಲ್‌ಗಳು ಬೆರೆತಿವೆ. ಹುಡುಕಿ ಸರಿಪಡಿಸಬೇಕಾದದ್ದು ಅದನ್ನು.

ಹಾಗಾದರೆ ನಿಮ್ಮ ಸುರುಳಿ ಏನು ಮಾಡುವುದು? ಗುಜರಿಗೆ ಹಾಕಿ. ತಾಮ್ರಕ್ಕೆ ಒಳ್ಳೆ ಬೆಲೆ ಇದೆ, ಹೊಸ ವೈರಿನ ಖರ್ಚಿನಲ್ಲಿ ಒಂದಿಷ್ಟು ಅಲ್ಲೇ ಹುಟ್ಟುತ್ತದೆ. ಹೊದಿಕೆ ಸಮೇತ ಮಾರಿ, ಇಲ್ಲವೇ ಸುಲಿದು ಮಾರಿ. ಹಿತ್ತಲಲ್ಲಿ ಸುಡಬೇಡಿ, ಪಿವಿಸಿ ಹೊಗೆಯಲ್ಲಿ ಶ್ವಾಸಕೋಶ ಸುಡುವ ಆಮ್ಲ ಇರುತ್ತದೆ. ಹೊಸ ವೈರ್ ಕೊಳ್ಳುವಾಗ ಹೊದಿಕೆಯ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 694 ಎಂಬ ಅಚ್ಚು ನೋಡಿ, ಬೆಂಕಿ ಬೇಗ ಹಬ್ಬದ ಎಫ್‌ಆರ್ ವೈರನ್ನೇ ಕೇಳಿ. ಪ್ಲಾಸ್ಟರಿಂಗ್ ಶುರುವಾಗುವ ಮೊದಲು ಪೈಪು ಓಡಿದ ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವವರಿಗೆ ಅದು ಬೇಕಾಗುತ್ತದೆ.